ಎಲ್ಲಕ್ಕಿಂತ ಕೆಳಗಿನ ಕೊಂಬೆ

ಮಂಚದ ಕೆಳಗೆ ಅರ್ಧ ಮೈ ತೂರಿಸಿಕೊಂಡು ಮಗಳು ಕೋಲು ಹುಡುಕುತ್ತಿದ್ದಳು. ಕೈಗೆ ಸಿಕ್ಕಿದ್ದೆಲ್ಲ ಡಬ್ಬಿಗಳೇ. ಬಣ್ಣ ಖಾಲಿಯಾದ ತಗಡಿನ ಡಬ್ಬಿಗಳು, ಒಂದೊಂದೂ ಕಲ್ಲಿನಷ್ಟು ಭಾರ. ಸರಿಸಿದರೆ ಒಳಗಿನ ಮೊಳೆಗಳು ಝಲ್ಲೆನ್ನುತ್ತಿದ್ದವು. ಹಿತ್ತಲಲ್ಲಿ ಚಾದರ ಕಟ್ಟಿ ಮರೆ ಮಾಡಿ ಗಂಡಸರು ಅಪ್ಪನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ನೀರು ಸುರಿಯುವ ಸದ್ದು ಕಿಟಕಿಯಿಂದ ಕೇಳುತ್ತಿತ್ತು.

"ಇವತ್ತೂ ಅದೇನಾ?" ಅಮ್ಮ ಗೋಡೆಗೆ ಒರಗಿ ಕೂತಲ್ಲಿಂದಲೇ ಕೇಳಿದಳು.

"ಕೋಲು ಎಲ್ಲಮ್ಮಾ?"

"ಬಾಗಿಲ ಹಿಂದೆ ನೋಡು. ಇನ್ನೆಲ್ಲಿ ಹೋಗುತ್ತೆ, ನನ್ನ ಸವತಿ ಅದು." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಊರಿನ ಮೊಳೆ ಎಲ್ಲ ಎತ್ತಿದ ಮನುಷ್ಯ, ಈ ಗೋಡೆಗೆ ಒಂದು ಮೊಳೆ ಹೊಡೆದುಕೊಡಲಿಲ್ಲ. ನಲವತ್ತು ವರ್ಷದಿಂದ ಕ್ಯಾಲೆಂಡರು ಕಿಟಕಿ ಸರಳಿಗೆ ನೇತಾಡ್ತಿದೆ."

ಪಕ್ಕದಲ್ಲಿ ಕೂತಿದ್ದ ಹೆಂಗಸರು ಅಳುವುದೋ ನಗುವುದೋ ತಿಳಿಯದೆ ತಲೆ ತಗ್ಗಿಸಿದರು. ಅಮ್ಮನೇ ಮೊದಲು ನಕ್ಕಳು, ಆಮೇಲೆ ನಗು ಹಾಗೇ ಅಳುವಾಗಿ ತಿರುಗಿತು.

ಕೋಲು ಬಾಗಿಲ ಹಿಂದೆಯೇ ಇತ್ತು. ಎದೆಮಟ್ಟದ ಬಿದಿರು, ಅದರ ತುದಿಗೆ ತಂತಿಯಿಂದ ಬಿಗಿದ ಅಂಗೈ ಅಗಲದ ದುಂಡು ಅಯಸ್ಕಾಂತ. ಮಸೀದಿಯ ಹಳೆಯ ಧ್ವನಿವರ್ಧಕ ಸುಟ್ಟುಹೋದಾಗ ಅಪ್ಪ ಅದನ್ನು ಬಿಚ್ಚಿ ಒಳಗಿನ ಅಯಸ್ಕಾಂತವನ್ನು ತಂದಿದ್ದ. "ಇಷ್ಟು ವರ್ಷ ಇದು ನಮ್ಮಣ್ಣನ ಭಾಷಣ ಕೇಳಿಕೊಂಡು ಬಿದ್ದಿತ್ತು. ಇನ್ನಾದ್ರೂ ಏನಾದ್ರೂ ಕೆಲಸ ಮಾಡಲಿ," ಎಂದಿದ್ದ.

ಅಪ್ಪನದು ಬೀದಿಯ ತುದಿಯಲ್ಲಿ ಪಂಕ್ಚರ್ ಹಾಕುವ ಅಂಗಡಿ. ದಿನಾ ಅಂಗಡಿ ತೆಗೆಯುವ ಮುಂಚೆ ಮಸೀದಿಯಿಂದ ಖಬರಸ್ತಾನದ ಗೇಟಿನ ತನಕ, ಒಂದು ಮೈಲಿ ದಾರಿ, ಈ ಕೋಲು ಎಳೆದುಕೊಂಡು ಹೋಗಿ ರಸ್ತೆಯ ಮೊಳೆಗಳನ್ನು ಎತ್ತುತ್ತಿದ್ದ. ನಡುದಾರಿಯಲ್ಲಿ ಹಳೆಯ ಮರದ ಪೆಟ್ಟಿಗೆ ಒಡೆಯುವ ಅಂಗಳವೊಂದಿದೆ. ಅಲ್ಲಿಂದ ಹಲಗೆ ತುಂಬಿಕೊಂಡು ಹೊರಡುವ ಲಾರಿಗಳು ಕುಲುಕಿದಲ್ಲೆಲ್ಲ ಮೊಳೆ ಉದುರಿಸಿಕೊಂಡು ಹೋಗುತ್ತವೆ. ಪಂಕ್ಚರಿನಿಂದಲೇ ಹೊಟ್ಟೆ ಹೊರೆಯುವವನು ಮೊಳೆ ಎತ್ತುತ್ತಾನೆ ಎಂದರೆ ಯಾರು ನಂಬುತ್ತಾರೆ? ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಳ್ಳುವವರು ಊರಿನಲ್ಲಿ ಎಷ್ಟು ಜನ ಇರುತ್ತಾರೆ? ಹಾಗಾಗಿ ಊರು ನಂಬಲು ಸುಲಭವಾದದ್ದನ್ನೇ ನಂಬಿತು. ರಸ್ತೆಯಲ್ಲಿ ಬಗ್ಗಿಕೊಂಡಿದ್ದಾನೆಂದರೆ ಮೊಳೆ ಹಾಕುತ್ತಿದ್ದಾನೆ ಎಂದು ತೀರ್ಮಾನವಾಯಿತು. ಮೊಳೆ ಮಾಮ ಎಂದು ಹೆಸರೂ ಬಿತ್ತು.

ಮಗಳು ಕೋಲು ಹಿಡಿದು ಹೊರಗೆ ಬಂದಾಗ ಜಗಲಿಯ ಮೇಲೆ ದೊಡ್ಡಪ್ಪ ಫೋನಿನಲ್ಲಿ ಮಾತಾಡುತ್ತಿದ್ದರು. ಅಪ್ಪನ ಒಡಹುಟ್ಟಿದ ಅಣ್ಣ, ಮಸೀದಿ ಕಮಿಟಿಯ ಅಧ್ಯಕ್ಷರು. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಅದಕ್ಕಿಂತ ಬಿಳಿಯ ಗಡ್ಡ. ವಾರಕ್ಕೊಮ್ಮೆ ಅವರು ಮಸೀದಿಯಲ್ಲಿ ಮಾತಾಡಿದರೆ ಬೀದಿ ಕೊನೆಯ ಮನೆಯಲ್ಲಿ ಮಗು ನಿದ್ದೆಯಿಂದ ಏಳುತ್ತಿತ್ತು. ಅವರ ಅಚ್ಚುಮೆಚ್ಚಿನ ವಿಷಯ ಒಂದೇ: ದೇವರು ನಮ್ಮನ್ನು ಯಾಕೆ ಸೃಷ್ಟಿಸಿದ.

"ಗಾಡಿ ಬರ್ತಿದೆ," ದೊಡ್ಡಪ್ಪ ಫೋನು ಇಟ್ಟರು. "ನಮಾಜು ಆದ ತಕ್ಷಣ ಬೈಪಾಸ್ ಮೇಲೆ ಹೋಗಿಬಿಡೋಣ. ಹತ್ತು ನಿಮಿಷದ ದಾರಿ."

"ಅಪ್ಪ ಹೆಗಲ ಮೇಲೆ ಹೋಗಬೇಕು ಅಂದಿದ್ರು, ದೊಡ್ಡಪ್ಪ. ಅವರು ದಿನಾ ನಡೆದ ರಸ್ತೆಯಲ್ಲೇ."

"ಹೋದವನಿಗೆ ಯಾವ ರಸ್ತೆ ಆದ್ರೇನಮ್ಮಾ?"

"ಅವರಿಗೆ ಏನೂ ಇಲ್ಲ. ನಿಮಗೇನು ತೊಂದರೆ ಅಂತ ಕೇಳ್ತಿದ್ದೀನಿ."

ದೊಡ್ಡಪ್ಪ ಆಚೀಚೆ ನೋಡಿ ದನಿ ತಗ್ಗಿಸಿದರು. "ಪೆಟ್ಟಿಗೆ ಅಂಗಳದ ಮುಂದೆ ಹಾದು ಹೋಗಬೇಕು. ಜನ ಬಾಯಿಗೆ ಬಂದಿದ್ದು ಆಡ್ತಾರೆ. ಇವತ್ತೊಂದು ದಿನ ಮಾನವಾಗಿ ಹೋಗಲಿ ಅಂತ ಅಷ್ಟೇ."

ಮಗಳಿಗೆ ಮೈಯೆಲ್ಲ ಉರಿಯಿತು. ಆ ಪಂಚಾಯಿತಿ ಮುಗಿದು ಇಪ್ಪತ್ತಾರು ವರ್ಷವಾದರೂ, ಒಡಹುಟ್ಟಿದ ತಮ್ಮ ಚಾದರದ ಮರೆಯಲ್ಲಿ ತಣ್ಣಗೆ ಮಲಗಿದ್ದರೂ, ಈ ಮನುಷ್ಯ ಇನ್ನೂ ಅದನ್ನೇ ನಂಬಿದ್ದಾರೆ.

*

ಅಪ್ಪನಿಗೆ ಇಪ್ಪತ್ತು ವರ್ಷವಾದಾಗ ಅವನು ಯಾತಕ್ಕೂ ಬಾರದವನೆಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಮದರಸಾಕ್ಕೆ ಹಾಕಿದರೆ ಮೂರು ಸಲ ಓಡಿಬಂದ. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆಗೆ ಮರೆಯುತ್ತಿತ್ತು. ಅದೇ ಅಣ್ಣ ಹತ್ತನೇ ವರ್ಷಕ್ಕೇ ವೇದಿಕೆ ಹತ್ತಿ ಪಟಪಟನೆ ಹೇಳುತ್ತಿದ್ದ. "ನಿನಗೆ ಓದಿಸೋದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ," ಎಂದು ತಾತ ಕೈ ತೊಳೆದುಕೊಂಡ. ಅಣ್ಣ ಮಾತ್ರ ಬಿಡಲಿಲ್ಲ. "ದೇವರು ನಿನ್ನನ್ನ ಸುಮ್ಮನೆ ಹುಟ್ಟಿಸಿಲ್ಲ. ಯಾಕೆ ಹುಟ್ಟಿಸಿದ ಅಂತ ಯೋಚನೆ ಮಾಡು," ಎನ್ನುತ್ತಿದ್ದ. ಅಪ್ಪ ಯೋಚನೆ ಮಾಡಿದ. ಮಾಡಿ ಮಾಡಿ ಸೊರಗಿದ.

ಆ ದಿನಗಳಲ್ಲಿ ಮದರಸಾದ ಮುದಿ ಉಸ್ತಾದರಿಗೆ ಕಣ್ಣಿನ ಪೊರೆ ಬಂದಿತ್ತು. ಅವರ ಕೈ ಹಿಡಿದು ಮಸೀದಿಗೆ ಕರೆದುಕೊಂಡು ಹೋಗುವ ಕೆಲಸ ಅಪ್ಪನದು, ಬೇರೆ ಯಾವುದಕ್ಕೂ ಆಗದವನು ಇದಕ್ಕಾದರೂ ಆಗಲಿ ಎಂದು. ಒಂದು ಬೆಳಿಗ್ಗೆ ಉಸ್ತಾದರ ಊರುಗೋಲಿಗೆ ಕಲ್ಲೊಂದು ತಾಗಿತು. ಅವರು ನಿಂತು, ಕೋಲಿನಿಂದ ತಡವಿ ತಡವಿ, ಆ ಕಲ್ಲನ್ನು ರಸ್ತೆಯ ಅಂಚಿಗೆ ನೂಕುವ ತನಕ ಮುಂದೆ ಹೆಜ್ಜೆ ಇಡಲಿಲ್ಲ.

"ನಮಾಜಿಗೆ ಹೊತ್ತಾಗುತ್ತೆ, ಉಸ್ತಾದ್."

"ಇದೂ ಅದರದ್ದೇ ಬಾಬ್ತು ಕಣೋ." ಉಸ್ತಾದರು ಏದುಸಿರು ಬಿಟ್ಟರು. "ಈಮಾನಿಗೆ, ಅಂದ್ರೆ ನಂಬಿಕೆಗೆ, ಎಪ್ಪತ್ತಕ್ಕೂ ಹೆಚ್ಚು ಕೊಂಬೆಗಳಿವೆ ಅಂತ ಪ್ರವಾದಿ ಹೇಳಿದ್ದಾರೆ. ಎಲ್ಲಕ್ಕಿಂತ ಮೇಲಿನದು ದೇವರು ಒಬ್ಬನೇ ಅನ್ನೋದು. ಎಲ್ಲಕ್ಕಿಂತ ಕೆಳಗಿನದು, ದಾರಿಯಲ್ಲಿ ಜನರಿಗೆ ಚುಚ್ಚೋದನ್ನ ಎತ್ತಿ ಪಕ್ಕಕ್ಕೆ ಹಾಕೋದು."

ಅಪ್ಪ ಆ ಕಲ್ಲನ್ನು ಒಮ್ಮೆ ತಿರುಗಿ ನೋಡಿದ. ಆಮೇಲೆ ಕೇಳಿದ. "ಮೇಲಿನದೆಲ್ಲ ಅಣ್ಣ ನೋಡ್ಕೊಳ್ತಾನೆ. ನನ್ನ ಕೈಗೆ ಅದು ಎಟುಕಲ್ಲ. ಆ ಕೆಳಗಿನದು ಯಾರ ಹತ್ರ ಇದೆ, ಉಸ್ತಾದ್?"

ಮುದುಕ ಗಟ್ಟಿಯಾಗಿ ನಕ್ಕರು. "ನಮ್ಮೂರಲ್ಲಿ ಖಾಲಿ ಇದೆ. ಬೇಕಾದ್ರೆ ತಗೋ. ಆದ್ರೆ ದಿನಾ ಮಾಡಬೇಕು. ಮಾಡೋದು ಅವನಿಗೋಸ್ಕರ. ನಾಲ್ಕು ಜನ ನೋಡಲಿ ಅಂತ ಮಾಡಿದೆಯೋ, ಅದು ಬರೀ ಗುಜರಿ ಕೆಲಸ."

ಈ ಕತೆಯನ್ನು ಅಪ್ಪ ಮಗಳಿಗೆ ಸಾವಿರ ಸಲ ಹೇಳಿದ್ದ. ಚಕ್ರ ಬಿಚ್ಚುವಾಗ, ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವುದನ್ನು ಕಾಯುವಾಗ. ಕತೆ ಮುಗಿಯುವ ಹೊತ್ತಿಗೆ ಸರಿಯಾಗಿ ಗುಳ್ಳೆ ಏಳುತ್ತಿತ್ತು. "ಸಿಕ್ತು ನೋಡು," ಎನ್ನುತ್ತಿದ್ದ ಅಪ್ಪ.

*

ಮಗಳಿಗೆ ಹನ್ನೆರಡು ವರ್ಷವಾದಾಗ ಪೆಟ್ಟಿಗೆ ಅಂಗಳದ ಮಾಲೀಕನ ಹೊಸ ಕಾರು ಒಂದೇ ವಾರದಲ್ಲಿ ಮೂರು ಸಲ ಪಂಕ್ಚರಾಗಿ ಕೂತಿತು. ಅಪ್ಪನ ಅಂಗಡಿಯ ಮೂಲೆಯಲ್ಲಿ ಡಬ್ಬಿಗಟ್ಟಲೆ ಮೊಳೆ ಇದ್ದದ್ದನ್ನು ಯಾರೋ ಅವನಿಗೆ ತೋರಿಸಿದರು. ಅಪ್ಪ ಅವನ್ನು ಗುಜರಿಗೂ ಕೊಡುತ್ತಿರಲಿಲ್ಲ. ಗುಜರಿಯವನ ಗಾಡಿಯಿಂದ ಮತ್ತೆ ರಸ್ತೆಗೇ ಬೀಳುತ್ತವೆ ಎನ್ನುತ್ತಿದ್ದ. ಆ ಡಬ್ಬಿಗಳೇ ಸಾಕ್ಷಿಯಾದವು.

ಶುಕ್ರವಾರ ನಮಾಜಾದ ಮೇಲೆ ಮಸೀದಿಯ ಅಂಗಳದಲ್ಲಿ ಪಂಚಾಯಿತಿ ಸೇರಿತು. ಮಗಳು ಕಾಂಪೌಂಡಿನಾಚೆ ನಿಂತು ನೋಡುತ್ತಿದ್ದಳು. ದೊಡ್ಡಪ್ಪ ಆಗಷ್ಟೇ ಅಧ್ಯಕ್ಷರಾಗಿದ್ದರು, ನ್ಯಾಯ ಹೇಳುವಾಗ ತಮ್ಮ ಅನ್ನುವಂತಿರಲಿಲ್ಲ.

"ದೇವರ ಮೇಲೆ ಆಣೆ ಇಟ್ಟು ಹೇಳು. ನೀನು ಮೊಳೆ ಹಾಕ್ತಿಲ್ಲ ಅಂತ. ಅಲ್ಲಿಗೆ ಮುಗೀತು."

"ಆಣೆ ಇಡಲ್ಲ," ಅಪ್ಪ ಅಂದ.

"ಯಾಕೆ?"

"ಯಾರಿಗೋಸ್ಕರ ಮಾಡ್ತೀನೋ ಅವನು ನೋಡ್ತಿದ್ದಾನೆ. ನಿಮಗೆ ಯಾಕೆ ಲೆಕ್ಕ ಒಪ್ಪಿಸಲಿ?"

ಅಂಗಳದಲ್ಲಿ ಗುಜುಗುಜು ಎದ್ದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಯಾರೋ ಅಂದರು. ಅಪ್ಪ ಅದಕ್ಕೆ ತನ್ನ ಎರಡೂ ಹೆಗಲನ್ನು ಮುಟ್ಟಿ ತೋರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಮನೆಯಲ್ಲಿ ಮಗಳು ಅತ್ತಳು. "ಒಂದು ಆಣೆ ಇಟ್ಟಿದ್ರೆ ಆಗ್ತಿತ್ತಲ್ಲಪ್ಪಾ."

"ಆಣೆ ಇಟ್ರೆ ಊರಲ್ಲಿ ಯಾರು ಬೇಕಾದ್ರೂ ನಂಬ್ತಾರೆ ಮಗಾ. ಅವನು ನನ್ನ ಅಣ್ಣ. ಆಣೆ ಇಲ್ಲದೆ ನಂಬಲಿ."

ಅಲ್ಲಿಯ ತನಕ ಅಪ್ಪ ಯಾರೂ ಏಳುವ ಮುಂಚೆ ಹೋಗಿ ಬರುತ್ತಿದ್ದ. ಮಾರನೆಯ ದಿನದಿಂದ ಹೊತ್ತು ಬದಲಾಯಿಸಿದ. ಬೆಳಿಗ್ಗೆ ಎಂಟು ಗಂಟೆಗೆ, ಶಾಲೆಯ ಮಕ್ಕಳು, ಕೆಲಸದವರು, ಲಾರಿಗಳು ಎಲ್ಲ ರಸ್ತೆಯಲ್ಲಿರುವ ಹೊತ್ತಿಗೆ, ನಟ್ಟನಡುವೆ ಕೋಲು ಎಳೆದುಕೊಂಡು ಹೊರಟ. ಜನ ನೋಡಲಿ ಎಂದು ಅಲ್ಲ, ಜನರಿಗೆ ಹೆದರಿ ಕತ್ತಲಲ್ಲಿ ಅಡಗುವುದು ಬೇಡವೆಂದು. ಶಾಲೆಯ ತಿರುವಿನಲ್ಲಿ ಅವನು ಎದುರಾದಾಗ, ಜೊತೆಯಲ್ಲಿ ಗೆಳತಿಯರಿದ್ದರೆಂದು, ಮಗಳು ರಸ್ತೆ ದಾಟಿ ಆಚೆ ಬದಿಗೆ ಹೋದಳು. ಅಪ್ಪ ನೋಡಿದ. ನೋಡಿಯೂ ನೋಡದವನ ಹಾಗೆ ಬಗ್ಗಿ ಇನ್ನೊಂದು ಮೊಳೆ ಎತ್ತಿದ. ಆ ದಿನದ ಬಗ್ಗೆ ಅವನು ಸಾಯುವ ತನಕ ಒಂದು ಮಾತೂ ಆಡಲಿಲ್ಲ, ಅವಳೂ ಆಡಲಿಲ್ಲ. ದೊಡ್ಡವಳಾಗಿ ಅವಳು ಶಾಲೆಯ ಮಕ್ಕಳ ವ್ಯಾನ್ ಓಡಿಸುವ ಕೆಲಸ ಹಿಡಿದಾಗ, ಅದೇ ತಿರುವಿನಲ್ಲಿ ದಿನಾ ಎರಡು ಸಲ ಹಾರ್ನ್ ಹೊಡೆಯುತ್ತಿದ್ದಳು. ಅಪ್ಪ ಕೋಲು ಎತ್ತಿ ತೋರಿಸುತ್ತಿದ್ದ. ಆದರೂ ಆಚೆ ಬದಿಗೆ ಹೋದ ಆ ಹತ್ತು ಹೆಜ್ಜೆ ಅವಳ ಹೊಟ್ಟೆಯೊಳಗೆ ಮುರಿದ ಮುಳ್ಳಾಗಿ ಹಾಗೇ ಉಳಿದಿತ್ತು.

*

ಕಫನಿನ ಬಿಳಿ ಬಟ್ಟೆ ಸುತ್ತಿ, ಹೆಗಲ ಮೇಲೆ ಹೊರುವ ಸಂದೂಕದಲ್ಲಿ ಮಲಗಿಸುವ ಹೊತ್ತಿಗೆ ಗಾಡಿ ಬಂತು. ಬಂತು ಅನ್ನುವುದಕ್ಕಿಂತ ಕುಂಟಿಕೊಂಡು ಬಂತು. ಎಡಗಡೆಯ ಮುಂದಿನ ಚಕ್ರವೂ ಹಿಂದಿನ ಚಕ್ರವೂ ನೆಲ ಹಿಡಿದಿದ್ದವು.

ಬೇರೆ ಊರಿನ ಡ್ರೈವರು ಇಳಿದು ತಲೆ ಕೆರೆದುಕೊಂಡ. "ಬೈಪಾಸಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ವು, ಅದಕ್ಕೆ ಪೆಟ್ಟಿಗೆ ಅಂಗಳದ ರಸ್ತೆಗೆ ಹಾಕ್ದೆ. ಎರಡೆರಡು ಕೂತಿದೆ, ಸ್ಟೆಪ್ನಿ ಇರೋದು ಒಂದೇ. ಇಲ್ಲಿ ಹತ್ರ ಪಂಕ್ಚರ್ ಅಂಗಡಿ ಎಲ್ಲಿದೆ?"

ಎಲ್ಲರ ಕಣ್ಣೂ ಸಂದೂಕದ ಕಡೆಗೆ ತಿರುಗಿತು. ಡ್ರೈವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವನು ಟೊಪ್ಪಿ ಸರಿಮಾಡಿಕೊಂಡು ಹಿಂದೆ ಸರಿದ.

ಮಗಳು ಅಂಗಡಿಯಿಂದ ಇಕ್ಕಳ ತಂದು ಚಕ್ರದ ಪಕ್ಕ ಕೂತಳು. ಒಂದು, ಎರಡು, ಮೂರು. ಸೊಟ್ಟಗಾದ, ತುಕ್ಕು ಹಿಡಿದ, ಪೆಟ್ಟಿಗೆಗೆ ಹೊಡೆಯುವ ಚಪ್ಪಟೆ ತಲೆಯ ಮೊಳೆಗಳು. ಅಂಗೈಯಲ್ಲಿಟ್ಟುಕೊಂಡು ನೇರ ದೊಡ್ಡಪ್ಪನ ಮುಂದೆ ಹೋಗಿ ನಿಂತಳು.

"ಅಪ್ಪ ಹನ್ನೆರಡು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ದೊಡ್ಡಪ್ಪ. ಇದನ್ನ ಯಾರು ಹಾಕಿದ್ದು?"

ದೊಡ್ಡಪ್ಪ ಅವಳ ಅಂಗೈಯಿಂದ ಒಂದು ಮೊಳೆ ಎತ್ತಿ ತಿರುವಿ ನೋಡಿದರು.

"ಈ ವಾರ ನನ್ನ ಸೈಕಲ್ ನಾಲ್ಕು ಸಲ ಕೂತಿದೆ," ಹಾಲಿನವನು ಗುಂಪಿನೊಳಗಿಂದ ಮೆಲ್ಲಗೆ ಹೇಳಿದ. "ಮೊದಲು ವರ್ಷಕ್ಕೊಂದು ಸಲ ಆಗ್ತಿದ್ರೆ ಹೆಚ್ಚು."

"ನನ್ನ ಸ್ಕೂಟರ್ ಎರಡು ಸಲ," ದರ್ಜಿ ಅಂದ. "ಪಂಕ್ಚರ್ ಹಾಕೋನು ಮಲಗಿದ ಮೇಲೆ ಪಂಕ್ಚರ್ ಹೆಚ್ಚಾಯ್ತಲ್ಲ ಅಂತ ನಾನೇ ತಮಾಷೆ ಮಾಡಿದ್ದೆ." ಹೇಳಿದವನೇ ತನ್ನ ಮಾತು ತನಗೇ ತಟ್ಟಿ ಬಾಯಿಯ ಮೇಲೆ ಕೈ ಇಟ್ಟುಕೊಂಡ.

ಡ್ರೈವರು ಅವಳ ಕೈಯ ಇಕ್ಕಳ ನೋಡಿದ. "ಅಕ್ಕಾ, ನಿಮಗೆ ಬರುತ್ತೆ ಅನ್ಸುತ್ತೆ. ಹಾಕಿಕೊಡ್ತೀರಾ?"

"ಬರುತ್ತೆ. ಎರಡಕ್ಕೂ ಸೇರಿ ಅರ್ಧ ಗಂಟೆ ಸಾಕು. ಆದ್ರೆ ಇವತ್ತು ಹಾಕಲ್ಲ. ನಾಳೆ ಬೆಳಿಗ್ಗೆ ಹಾಕಿಕೊಡ್ತೀನಿ, ಇವತ್ತು ನಮ್ಮ ಮನೇಲೇ ಇದ್ದುಬಿಡಿ."

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅವರು ಇಸ್ತ್ರಿ ಮಾಡಿದ ಜುಬ್ಬದ ತೋಳು ಮಡಚಿಕೊಂಡರು. "ಹೆಗಲು ಕೊಡಿ," ಎಂದರು ಕೊನೆಗೆ. "ನಡೆದೇ ಹೋಗೋಣ."

"ರಸ್ತೆ ಗುಡಿಸಿಲ್ಲ," ಮಗಳು ಅಂದಳು. "ಹೆಗಲು ಬದಲಾಯಿಸೋ ನೂಕಾಟದಲ್ಲಿ ಅರ್ಧ ಜನರ ಚಪ್ಪಲಿ ಕಾಲಿಂದ ಹೋಗುತ್ತೆ. ಹನ್ನೆರಡು ದಿನದ ಮೊಳೆ ಬಿದ್ದಿದೆ ಅಲ್ಲಿ. ಒಬ್ಬರಿಗೆ ಚುಚ್ಚಿದ್ರೂ ಅಪ್ಪ ಕೆಳಗೆ ಬೀಳ್ತಾರೆ. ನೀವು ನಮಾಜು ಮುಗಿಸಿ ಬನ್ನಿ. ನಾನು ಮುಂದೆ ಹೋಗಿರ್ತೀನಿ."

ಮಸೀದಿಯ ಇಮಾಮರು ಹೊಸಬರು, ಅವಳಿಗಿಂತ ಚಿಕ್ಕವರು. ಸಂಕೋಚದಿಂದಲೇ ಹೇಳಿದರು. "ಅಕ್ಕಾ, ಹೆಂಗಸರು ಜನಾಝಾದ ಹಿಂದೆ ಬರೋದು ಬೇಡ ಅಂತ ಇದೆ."

"ನಾನು ಹಿಂದೆ ಬರಲ್ಲ ಇಮಾಮ್ ಸಾಹೇಬ್ರೇ. ನಿಮಗಿಂತ ಅರ್ಧ ಮೈಲಿ ಮುಂದೆ ಇರ್ತೀನಿ. ಖಬರಸ್ತಾನದ ಗೇಟಿನ ಒಳಗೂ ಕಾಲಿಡಲ್ಲ. ರಸ್ತೆ ಗುಡಿಸಬಾರದು ಅಂತ ಎಲ್ಲಾದ್ರೂ ಇದ್ರೆ ತೋರಿಸಿ, ಮನೆಗೆ ಹೋಗ್ತೀನಿ."

ಇಮಾಮರು ನೆಲ ನೋಡಿದರು. "ಹಾಗೆಲ್ಲೂ ಇಲ್ಲ," ಎಂದರು, ಗಡ್ಡದೊಳಗೇ ನಕ್ಕು. ಒಳಗಿನಿಂದ ಅಮ್ಮ ಕೂಗಿ ಹೇಳಿದಳು. "ಎಡಗಡೆ ಮೋರಿ ಹತ್ರ ಸರಿಯಾಗಿ ನೋಡೇ. ಅಲ್ಲೇ ಜಾಸ್ತಿ ಸಿಗೋದು ಅಂತಿದ್ರು."

*

ಕೋಲು ಎಳೆಯುವುದು ನೋಡಿದಷ್ಟು ಸುಲಭವಲ್ಲ. ನೆಲಕ್ಕೆ ತಾಗಿದರೆ ಉಜ್ಜುತ್ತದೆ, ಮೇಲಾದರೆ ಮೊಳೆ ಏಳುವುದಿಲ್ಲ. ಎರಡು ಬೆರಳಿನಷ್ಟು ಎತ್ತರದಲ್ಲೇ ಹಿಡಿದು ಅತ್ತಿಂದಿತ್ತ ಬೀಸುತ್ತಾ ಹೋಗಬೇಕು. ಚಟ್, ಚಟ್ ಎಂದು ಹಿಡಿದುಕೊಂಡಾಗ ಆ ಸದ್ದು ಕೋಲಿನಿಂದ ಅಂಗೈಗೆ ಬರುತ್ತದೆ. ನೂರು ಹೆಜ್ಜೆ ಹೋಗುವುದರೊಳಗೆ ಅವಳ ತೋಳು ಬಿದ್ದುಹೋಯಿತು. ಅರವತ್ತಾರರ ತನಕ ಅಪ್ಪ ಇದನ್ನು ಹೇಗೆ ಎಳೆದ?

ಶಾಲೆಯ ತಿರುವು ಬಂದಾಗ ಅವಳು ರಸ್ತೆಯ ನಟ್ಟನಡುವೆ ನಡೆದಳು. ಎದುರಿನಿಂದ ಬಂದ ಆಟೋದವನು ಹಾರ್ನ್ ಹೊಡೆದ. ಅವಳು ಸರಿಯಲಿಲ್ಲ. ಅವನೇ ಸುತ್ತಿಕೊಂಡು ಹೋದ.

ಪೆಟ್ಟಿಗೆ ಅಂಗಳದ ಮುಂದೆ ಬರುವ ಹೊತ್ತಿಗೆ ಸೊಂಟಕ್ಕೆ ಕಟ್ಟಿದ್ದ ಡಬ್ಬಿ ತುಂಬಿತ್ತು. ಮಾಲೀಕ ಗೇಟಿನಲ್ಲೇ ನಿಂತಿದ್ದ. ಅವನಿಗೂ ಈಗ ವಯಸ್ಸಾಗಿದೆ. "ಸುದ್ದಿ ಕೇಳ್ದೆ. ಪಾಪ, ಒಳ್ಳೆಯವರು," ಎಂದ, ಸತ್ತವರ ಬಗ್ಗೆ ಎಲ್ಲರೂ ಅನ್ನುವ ಹಾಗೆ.

ಮಗಳು ಡಬ್ಬಿಯನ್ನು ಬಿಚ್ಚಿ, ಅವನ ಗೇಟಿನ ಒಳಗೆ, ಸಿಮೆಂಟಿನ ನೆಲದ ಮೇಲೆ ಒಂದೂ ಬಿಡದ ಹಾಗೆ ಸುರಿದಳು.

"ಹನ್ನೆರಡು ದಿನದ್ದು. ನಿಮ್ಮದೇ. ಎಣಿಸಿ ಒಳಗಿಟ್ಕೊಳ್ಳಿ. ಮನೆಯಲ್ಲಿ ನಲವತ್ತು ವರ್ಷದ್ದಿದೆ, ನನ್ನ ವ್ಯಾನಿನಲ್ಲಿ ತಂದು ಹಾಕ್ತೀನಿ."

ಅವನು ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಅವಳು ಮುಂದಿನ ಹತ್ತು ಹೆಜ್ಜೆ ಗುಡಿಸಿಯಾಗಿತ್ತು.

ಖಬರಸ್ತಾನದ ಗೇಟಿನ ಕಂಬಕ್ಕೆ ಒರಗಿ ಅವಳು ಉಸಿರು ಬಿಡುತ್ತಿರುವಾಗ ಹೆಗಲ ಮೇಲೆ ಜನಾಝಾ ಬಂತು. ಅಂದುಕೊಂಡದ್ದಕ್ಕಿಂತ ಹೆಚ್ಚು ಜನ. ಬಲಗಡೆ ಮುಂದಿನ ಹೆಗಲು ದೊಡ್ಡಪ್ಪನದು. ಉಳಿದವರು ಹತ್ತು ಹೆಜ್ಜೆಗೊಮ್ಮೆ ಬದಲಾಗುತ್ತಿದ್ದರು, ಅವರು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಜುಬ್ಬ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಚಪ್ಪಲಿ ಎಲ್ಲೋ ದಾರಿಯಲ್ಲೇ ಹೋಗಿ ಎರಡೂ ಕಾಲು ಬರಿದಾಗಿದ್ದವು. ಮಗಳು ಮೊದಲು ನೋಡಿದ್ದು ಆ ಪಾದಗಳನ್ನೇ. ಧೂಳಾಗಿದ್ದವು, ಎಲ್ಲೂ ರಕ್ತವಿರಲಿಲ್ಲ.

ಸಂದೂಕ ಒಳಗೆ ಹೋಯಿತು. ಅವಳು ಹೊರಗೇ ನಿಂತು ನೋಡಿದಳು. ಇಳಿಸಿದರು, ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿದರು. ಅವಳು ಗೇಟಿನ ಹೊರಗೆ ನಿಂತೇ ಗಟ್ಟಿಯಾಗಿ ಅತ್ತಳು, ಯಾರು ಕೇಳಿದರೂ ಕೇಳಲಿ ಎಂದು. ಅಷ್ಟರಲ್ಲಿ ಹಲಗೆ ತುಂಬಿದ ಲಾರಿಯೊಂದು ಕುಲುಕುತ್ತಾ ಹಾದುಹೋಯಿತು. ಟಣ್, ಟಣ್ ಎಂದು ಹಿಂದೆ ಉದುರಿದವು.

ಎಲ್ಲರಿಗಿಂತ ಕೊನೆಗೆ ದೊಡ್ಡಪ್ಪ ಹೊರಗೆ ಬಂದರು. ಕೈಯೆಲ್ಲ ಮಣ್ಣಾಗಿತ್ತು.

"ಆಣೆ ಇಡು ಅಂದಿದ್ದೆ ನಾನು," ಎಂದರು.

"ಹೌದು."

"ಆಮೇಲೆ ನನ್ನನ್ನ ಬೈತಿದ್ದನಾ?"

"ಇಲ್ಲ. ನೀವು ಒಂದು ಮಾತು ಹೇಳ್ತೀರಿ ಅಂತ ಕಾಯ್ತಿದ್ರು."

ಇಡೀ ಊರಿಗೆ ಕೇಳುವ ದೊಡ್ಡಪ್ಪನ ದನಿ ಈಗ ಎದುರಿಗಿದ್ದವಳಿಗೆ ಮಾತ್ರ ಕೇಳುವಷ್ಟು ಸಣ್ಣದಾಗಿತ್ತು. "ಕೋಲು ಕೊಡು. ಹಿಂದಕ್ಕೆ ಹೋಗುವಾಗ ನಾನು ಎಳೀತೀನಿ."

"ಕೋಲು ನನ್ನದು, ದೊಡ್ಡಪ್ಪ. ಯಾರಿಗೂ ಕೊಡಲ್ಲ." ಅವಳು ಅದನ್ನು ಎದೆಗೆ ಒತ್ತಿ ಹಿಡಿದಳು. "ಬೇಕಾದ್ರೆ ಕೈಯಲ್ಲಿ ಹೆಕ್ಕಿ. ಅಪ್ಪ ಮೊದಲ ಹತ್ತು ವರ್ಷ ಕೈಯಲ್ಲೇ ಹೆಕ್ಕಿದ್ದು."

ಅವರು ಅವಳನ್ನು ನೋಡಿದರು. ಆಮೇಲೆ ರಸ್ತೆಯನ್ನು ನೋಡಿದರು. ಮಂಡಿಯ ಮೇಲೆ ಒಂದು ಕೈ ಊರಿ, ನೋವಿಗೆ ಮುಖ ಕಿವುಚಿ, ಎಪ್ಪತ್ತೆರಡು ವರ್ಷದ ಮನುಷ್ಯ ಮೆಲ್ಲಗೆ ಬಗ್ಗಿದರು. ಒಂದನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಎರಡು ಹೆಜ್ಜೆ ಹೋಗಿ ಮತ್ತೆ ಬಗ್ಗಿದರು. ಮಗಳು ರಸ್ತೆಯ ಇನ್ನೊಂದು ಅರ್ಧದಲ್ಲಿ ಕೋಲು ಬೀಸುತ್ತಾ ಅವರ ಜೊತೆಜೊತೆಗೇ ನಡೆದಳು.

ಸ್ಕೂಟರಿನಲ್ಲಿ ಹೋಗುತ್ತಿದ್ದ ಯಾರೋ ಅಪರಿಚಿತ ವೇಗ ತಗ್ಗಿಸಿ, ರಸ್ತೆಯಲ್ಲಿ ಬಗ್ಗಿದ್ದ ಬಿಳಿ ಜುಬ್ಬದ ಮುದುಕನನ್ನು ನೋಡಿ ಹಲ್ಲು ಕಿರಿದ. "ಏನ್ ಸಾಹೇಬ್ರೇ, ಹಗಲಲ್ಲೇ ಮೊಳೆ ಹಾಕ್ತಿದ್ದೀರಾ?"

ದೊಡ್ಡಪ್ಪ ತಲೆ ಎತ್ತಿದರು. ಬಾಯಿ ತೆರೆದರು. ಮಗಳು ಕೋಲು ನಿಲ್ಲಿಸಿ ಕಾದಳು.

ಅವರು ಬಾಯಿ ಮುಚ್ಚಿಕೊಂಡು ಮತ್ತೆ ಬಗ್ಗಿ, ಮೋರಿಯ ಅಂಚಿನಲ್ಲಿ ಹೂತಿದ್ದ ಒಂದು ಸೊಟ್ಟ ಮೊಳೆಯನ್ನು ಉಗುರಿನಿಂದ ಕೆರೆದು ಕೆರೆದು ಬಿಡಿಸತೊಡಗಿದರು. ಜುಬ್ಬದ ಒಂದು ಜೇಬು ಆಗಲೇ ಭಾರಕ್ಕೆ ಜೋತುಬಿದ್ದಿತ್ತು.